ದವಡೆ ಹಲ್ಲಿಗೆ ಸೀಲೆಂಟ್: ಜೊಲ್ಲು ತಾಗದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸ

ದವಡೆ ಹಲ್ಲಿನ ಮೇಲಿರುವ ಗೀರುಗಳಲ್ಲಿ ಎಷ್ಟೋ ಗೀರುಗಳು ಬ್ರಷ್ಷಿನ ಒಂದು ಎಳೆಗಿಂತಲೂ ಕಿರಿದು. ಎಷ್ಟು ಉಜ್ಜಿದರೂ ಅವುಗಳ ತಳ ಸ್ವಚ್ಛವಾಗದು. ಹುಳುಕು ಹಿಡಿಯುವುದು ಹೆಚ್ಚಾಗಿ ಅಲ್ಲಿಯೇ. ಆ ಗೀರುಗಳನ್ನು ರೆಸಿನ್ (ಹರಿಸಿ ಗಟ್ಟಿ ಮಾಡುವ ಪ್ಲಾಸ್ಟಿಕ್‌ನಂಥ ವಸ್ತು) ಎಂಬುದರ ತೆಳುವಾದ ಪದರದಿಂದ ಮುಚ್ಚುವುದೇ ಸೀಲೆಂಟ್. ಸಾಮಾನ್ಯವಾಗಿ ಹಲ್ಲು ಕೊರೆಯಬೇಕಿಲ್ಲ, ಮರಗಟ್ಟಿಸುವ ಇಂಜೆಕ್ಷನ್ನೂ ಬೇಕಿಲ್ಲ.

ಮೊದಲ ಶಾಶ್ವತ ದವಡೆ ಹಲ್ಲು ಸುಮಾರು 6ನೇ ವಯಸ್ಸಿಗೆ ಹುಟ್ಟುತ್ತದೆ, ಎರಡನೆಯದು 12ರ ಆಸುಪಾಸಿನಲ್ಲಿ. ಮೊದಲನೆಯದು ಯಾವ ಹಾಲುಹಲ್ಲೂ ಬೀಳದೆ ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಮೂಡುವುದರಿಂದ ಎಷ್ಟೋ ಪಾಲಕರು ಅದನ್ನೂ ಹಾಲುಹಲ್ಲೆಂದು ಬಿಟ್ಟುಬಿಡುತ್ತಾರೆ. ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಸೀಲೆಂಟ್ ಹಾಕಿಸುವುದು ಒಳ್ಳೆಯದು.

ಮೊದಲು ಹಲ್ಲನ್ನು ಸ್ವಚ್ಛಗೊಳಿಸಿ, ಸುತ್ತ ಹತ್ತಿಯ ಸುರುಳಿ ಅಥವಾ ರಬ್ಬರ್ ಹಾಳೆ ಇಟ್ಟು ಒಣಗಿಸುತ್ತಾರೆ. ಗೀರುಗಳಿಗೆ ಶೇ 35–37ರ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ 15ರಿಂದ 30 ಸೆಕೆಂಡು ಬಿಟ್ಟು, ಚೆನ್ನಾಗಿ ತೊಳೆದು ಮತ್ತೆ ಒಣಗಿಸುತ್ತಾರೆ. ಆಗ ಹಲ್ಲು ಸುಣ್ಣದ ಹಾಗೆ ಮಂಕು ಬಿಳಿಯಾಗಬೇಕು. ಹೊಳಪು ಉಳಿದಿದ್ದರೆ ಆಮ್ಲವನ್ನು ಇನ್ನೊಮ್ಮೆ ಹಚ್ಚಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಆಮ್ಲ ಎನಾಮಲ್‌ನಲ್ಲಿ, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರದಲ್ಲಿ, ಕಣ್ಣಿಗೆ ಕಾಣದ ರಂಧ್ರಗಳನ್ನು ತೆರೆಯುತ್ತದೆ, ರೆಸಿನ್ ಅವುಗಳೊಳಗೆ ಇಳಿದು ಬೇರೂರುತ್ತದೆ. ಅಷ್ಟರಲ್ಲಿ ಮಗು ನಾಲಿಗೆ ಸವರಿದರೆ ಆ ರಂಧ್ರಗಳಲ್ಲಿ ಜೊಲ್ಲು ತುಂಬಿಕೊಳ್ಳುತ್ತದೆ. ಒರೆಸಿದರೆ ಸಾಲದು, ತೊಳೆದು ಮತ್ತೆ ಆಮ್ಲ ಹಚ್ಚಲೇಬೇಕು. ಇಲ್ಲದಿದ್ದರೆ ಸೀಲೆಂಟ್ ಕೆಲವೇ ತಿಂಗಳಲ್ಲಿ ಕಿತ್ತುಬರಬಹುದು. ಆ ಒಂದೆರಡು ನಿಮಿಷ ಬಾಯಿ ತೆರೆದೇ ಇರುವುದನ್ನು ಮಗುವಿಗೆ ಮನೆಯಲ್ಲೇ ಆಟದಂತೆ ಅಭ್ಯಾಸ ಮಾಡಿಸಿ, ನಿಜಕ್ಕೂ ನೆರವಾಗುತ್ತದೆ.

ರೆಸಿನ್ ಅನ್ನು ಗೀರಿನ ಒಂದು ತುದಿಯಿಂದ ನಿಧಾನವಾಗಿ ಹರಿಸಬೇಕು, ಅವಸರಪಟ್ಟರೆ ಗುಳ್ಳೆ ಉಳಿಯುತ್ತದೆ. ಬಳಿಕ ನೀಲಿ ಬೆಳಕನ್ನು ಸಾಮಾನ್ಯವಾಗಿ 20 ಸೆಕೆಂಡು ಹಿಡಿದು ಗಟ್ಟಿ ಮಾಡುತ್ತಾರೆ. ಚೂಪಾದ ಸಲಕರಣೆಯಿಂದ ಎಬ್ಬಿಸಿ ನೋಡಿದರೆ ಅದು ಏಳಬಾರದು. ಕಚ್ಚಿದಾಗ ಎತ್ತರ ಅನ್ನಿಸಿದರೆ ಅಲ್ಲೇ ಹೇಳಿ, ಸವರಿ ಸರಿಮಾಡುತ್ತಾರೆ.

ಅರ್ಧ ಹುಟ್ಟಿದ ಹಲ್ಲಿನ ಮೇಲೆ ಇನ್ನೂ ಒಸಡು ಇದ್ದರೆ ಅದನ್ನು ಒಣಗಿಸುವುದು ಕಷ್ಟ. ಹುಳುಕಿನ ಭಯ ಹೆಚ್ಚಿದ್ದರೆ ಅಲ್ಲಿಗೆ ಗ್ಲಾಸ್ ಅಯಾನೊಮರ್ ಎಂಬ ಹಲ್ಲಿನ ಸಿಮೆಂಟ್ ಸರಿ. ಅದು ತೇವವನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಫ್ಲೋರೈಡನ್ನೂ ಬಿಡುತ್ತದೆ; ಆದರೆ ಬೇಗ ಸವೆಯುತ್ತದೆ. ಹಲ್ಲು ಪೂರ್ತಿ ಬಂದ ಮೇಲೆ ರೆಸಿನ್ ಹಾಕಿಸಬಹುದು.

ಆರು ತಿಂಗಳಿಗೊಮ್ಮೆ ತೋರಿಸಿ. ಸೀಲೆಂಟಿನ ಒಂದು ಮೂಲೆ ಮುರಿದಿದ್ದರೆ ಅಷ್ಟಕ್ಕೇ ಮತ್ತೆ ಹಾಕುತ್ತಾರೆ. ಎರಡು ಹಲ್ಲುಗಳ ನಡುವಿನ ಸಂದಿಗೆ ಮಾತ್ರ ಸೀಲೆಂಟ್ ಕಾವಲಲ್ಲ: ಅಲ್ಲಿಗೆ ದಿನಾ ಫ್ಲಾಸ್ ದಾರ, ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟು ಬೇಕೇ ಬೇಕು.