ಅಶ್ವಿನಿಯಿಂದ ಹಸ್ತದವರೆಗೆ: ಅಕ್ಟೋಬರ್ ಮ್ಯಾರಥಾನಿಗೆ ಹಾಸನದ ಬೇಸಿಗೆಯಲ್ಲಿ ಸಿದ್ಧತೆ

ಹಾಸನದಿಂದ ಬೇಲೂರಿಗೆ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ಆ ದಾರಿಯನ್ನು ಪೂರ್ತಿ ಓಡಿ, ಬೇಲೂರು ಮುಟ್ಟಿದ ಮೇಲೂ ಇನ್ನೆರಡು ಕಿಲೋಮೀಟರ್ ಓಡಿದರೆ ಒಂದು ಮ್ಯಾರಥಾನ್, ಅಂದರೆ 42.195 ಕಿಲೋಮೀಟರ್, ಮುಗಿದಂತೆ. ಇದನ್ನು ಅಕ್ಟೋಬರಿನಲ್ಲಿ ಓಡಬೇಕೆಂದು ಹೆಸರು ಕೊಟ್ಟವರು ಜುಲೈ ಹೊತ್ತಿಗೆ ಎಚ್ಚೆತ್ತು, ಸುರಿಯುವ ಮಳೆಯಲ್ಲಿ ಅವಸರ ಅವಸರವಾಗಿ ದೂರ ಏರಿಸಿ, ಆಗಸ್ಟಿನಲ್ಲಿ ಮಂಡಿಗೆ ಪಟ್ಟಿ ಸುತ್ತಿಕೊಂಡು ಕೂರುವುದನ್ನು ಹಲವು ಬಾರಿ ನೋಡಿದ್ದೇನೆ. ಸಿದ್ಧತೆ ಶುರುವಾಗಬೇಕಾದದ್ದು ಏಪ್ರಿಲಿನಲ್ಲಿ. ಈಗಾಗಲೇ ನಿಲ್ಲದೆ ಎಂಟು ಹತ್ತು ಕಿಲೋಮೀಟರ್ ಓಡಬಲ್ಲವರನ್ನು, ವಾರಕ್ಕೆ 20–25 ಕಿಲೋಮೀಟರ್ ಓಡುವ ಅಭ್ಯಾಸವಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೃದಯದ ತೊಂದರೆ, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕಂಡು, ಅವರು ಒಪ್ಪಿದ ಮೇಲೆ ಮುಂದುವರಿಯಬೇಕು.

ತರಬೇತಿಯ ಲೆಕ್ಕವನ್ನು ನಾನು ಮಳೆ ನಕ್ಷತ್ರಗಳಲ್ಲಿ ಹಾಕಿಕೊಳ್ಳುತ್ತೇನೆ. ಇದರಲ್ಲಿ ಜ್ಯೋತಿಷ್ಯವೇನೂ ಇಲ್ಲ. ಒಂದೊಂದು ಮಳೆಯೂ ಹದಿಮೂರು ಹದಿನಾಲ್ಕು ದಿನ ಇರುವುದರಿಂದ ಎರಡೆರಡು ವಾರದ ಕಂತುಗಳು ತಾವಾಗಿಯೇ ಸಿಗುತ್ತವೆ, ಅವು ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿಯೇ ಇರುತ್ತವೆ, ಯಾವ ಕಂತಿನಲ್ಲಿ ನೆಲ ಹೇಗಿರುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓಟ ಅಕ್ಟೋಬರಿನ ಮೂರನೆಯ ಭಾನುವಾರ ಎಂದಿಟ್ಟುಕೊಳ್ಳಿ. ಏಪ್ರಿಲ್ 14ರ ಸುಮಾರಿಗೆ ಹುಟ್ಟುವ ಅಶ್ವಿನಿಯಿಂದ ಭರಣಿ, ಕೃತ್ತಿಕೆ ದಾಟಿ ಜೂನ್ ಮೊದಲ ವಾರಕ್ಕೆ ರೋಹಿಣಿ ಮುಗಿಯುವವರೆಗಿನ ಎಂಟು ವಾರ ಬುನಾದಿಗೆ. ಮೃಗಶಿರದಿಂದ ಆಶ್ಲೇಷದವರೆಗಿನ ಹತ್ತು ವಾರ ದೂರ ಮತ್ತು ಬಲಕ್ಕೆ. ಮಘೆ, ಹುಬ್ಬೆ, ಉತ್ತರೆಯ ಆರು ವಾರ ಅತಿ ದೀರ್ಘ ಓಟಗಳಿಗೆ. ಸೆಪ್ಟೆಂಬರ್ 27ರ ಸುಮಾರಿಗೆ ಹಸ್ತ ಹುಟ್ಟಿದ ಮೇಲಿನ ಮೂರು ವಾರ ಇಳಿಕೆಗೆ. ಒಟ್ಟು 27 ವಾರ.

ಬೇಸಿಗೆಯ ಎಂಟು ವಾರಗಳ ಬಗ್ಗೆ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ. ಬಿಸಿಲಿನಲ್ಲಿ ಓಡಿ ಮೈ ಗಟ್ಟಿ ಮಾಡಿಕೊಂಡರೆ ಅಕ್ಟೋಬರಿನ ತಂಪಿನಲ್ಲಿ ಹಾರಿಕೊಂಡು ಹೋಗಬಹುದು ಎಂಬುದೇ ಆ ಕಲ್ಪನೆ. ನಾನೂ ಅದನ್ನು ನಂಬಿ, ಮೊದಲ ವರ್ಷದ ಏಪ್ರಿಲಿನಲ್ಲಿ ಬೇಕೆಂದೇ ಬೆಳಿಗ್ಗೆ ಎಂಟೂವರೆಗೆ ಗೊರೂರು ರಸ್ತೆಯಲ್ಲಿ ಹೊರಟು, ಹತ್ತನೆಯ ಕಿಲೋಮೀಟರಿನ ಹೊತ್ತಿಗೆ ಕಣ್ಣು ಕತ್ತಲಿಟ್ಟು ಮೈಲಿಗಲ್ಲಿನ ಮೇಲೆ ಕುಳಿತವನು. ಎಳನೀರು ಮಾರುತ್ತಿದ್ದ ಅಜ್ಜ ಒಂದು ಕಾಯಿ ಕೆತ್ತಿ ಕೈಗಿಟ್ಟು, ಎರಡನೆಯದಕ್ಕೆ ಕತ್ತಿ ಎತ್ತುತ್ತ, ‘ಯಾರು ಅಟ್ಟಿಸಿಕೊಂಡು ಬಂದರಪ್ಪ?’ ಎಂದು ಕೇಳಿದ್ದರು.

ಬಿಸಿಲಿಗೆ ದೇಹ ಒಗ್ಗಿಕೊಳ್ಳುವುದು ನಿಜ. ಹತ್ತರಿಂದ ಹದಿನಾಲ್ಕು ದಿನ ಸೆಕೆಯಲ್ಲಿ ಓಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೃದಯದ ಬಡಿತ ಇಳಿಯುತ್ತದೆ. ಆದರೆ ಈ ಲಾಭ ಕೂಡಿಟ್ಟುಕೊಳ್ಳುವಂಥದ್ದಲ್ಲ. ಸೆಕೆ ತಪ್ಪಿದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಮೇ ತಿಂಗಳಲ್ಲಿ ಸಂಪಾದಿಸಿದ್ದನ್ನು ಆರಿದ್ರೆಯ ಜಡಿಮಳೆ ಅಳಿಸಿಹಾಕಿದ ಮೇಲೆ ಅಕ್ಟೋಬರಿಗೆ ಉಳಿಯುವುದೇನು? ಉಳಿಯುವುದು ನಿಧಾನವಾಗಿ ಓಡಿದ ಗಂಟೆಗಳು ಕಟ್ಟಿದ ಬುನಾದಿ: ಸ್ನಾಯುಗಳಲ್ಲಿ ಹೆಚ್ಚಿದ ಸೂಕ್ಷ್ಮ ರಕ್ತನಾಳಗಳು, ಕೊಬ್ಬನ್ನು ಇಂಧನವಾಗಿ ಬಳಸುವ ಶಕ್ತಿ, ತಿಂಗಳುಗಟ್ಟಲೆ ಹೊರೆ ಹೊತ್ತು ಬಲಿತ ಸ್ನಾಯುರಜ್ಜು ಮತ್ತು ಮೂಳೆ. ಇವಕ್ಕೆ ಬೇಕಾದದ್ದು ಸಮಯವೇ ಹೊರತು ಸುಡುವ ಬಿಸಿಲಲ್ಲ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಐದೂಮುಕ್ಕಾಲಿಗೆ, ಬೆಳಕು ಹರಿಯುತ್ತಿದ್ದಂತೆ ಹೊರಟು ಏಳೂವರೆಯೊಳಗೆ ಮನೆ ಸೇರುವುದು ಸರಿಯಾದ ಕ್ರಮ. ಸಂಜೆ ಓಡುವವರು ಮುಂಗಾರುಪೂರ್ವದ ಗುಡುಗು ಸಿಡಿಲನ್ನು ನೆನಪಿಡಬೇಕು. ಆ ಮಳೆ ಸಾಮಾನ್ಯವಾಗಿ ಮಧ್ಯಾಹ್ನ ಕಳೆದು ಸಂಜೆಯ ಹೊತ್ತಿಗೇ ಬರುತ್ತದೆ, ಬಯಲಿನಲ್ಲಿ ಓಡುವವನಿಗೆ ಆಗ ಆಸರೆಯಿರುವುದಿಲ್ಲ.

ಸಮುದ್ರಮಟ್ಟದಿಂದ ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಸಾವಿರಕ್ಕೂ ತುಸು ಮೇಲೆ. ಎತ್ತರದ ಊರಿನಲ್ಲಿ ಓಡಿದರೆ ರಕ್ತ ಹೆಚ್ಚುತ್ತದೆಂದು ಹೆಮ್ಮೆ ಪಡುವವರಿದ್ದಾರೆ. ಆ ಪರಿಣಾಮ ಸಾಮಾನ್ಯವಾಗಿ ಎರಡು ಸಾವಿರ ಮೀಟರಿನ ಆಚೀಚೆ ಶುರುವಾಗುವಂಥದ್ದು. ನಮಗೆ ಸಿಕ್ಕಿರುವುದು ತಂಪಾದ ಬೆಳಗು ಮಾತ್ರ, ಅದೂ ಸಣ್ಣ ಭಾಗ್ಯವಲ್ಲ.

ಈ ಹಂತದಲ್ಲಿ ಕೈಗಡಿಯಾರ ತೋರಿಸುವ ವೇಗವನ್ನು ನೋಡದಿರುವುದೇ ಒಳ್ಳೆಯದು. ಸೆಕೆಯಲ್ಲಿ ಮೈ ತಣಿಸಲು ರಕ್ತದ ಒಂದು ಪಾಲು ಚರ್ಮದ ಕಡೆಗೆ ಹರಿಯುತ್ತದೆ, ಬೆವರಿನಿಂದ ರಕ್ತದ ದ್ರವಾಂಶವೂ ಕುಗ್ಗುತ್ತದೆ; ಕಾಲುಗಳಿಗೆ ಮೊದಲಿನಷ್ಟೇ ಆಮ್ಲಜನಕ ಮುಟ್ಟಿಸಲು ಹೃದಯ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಡಿಸೆಂಬರಿನಲ್ಲಿ ಕಿಲೋಮೀಟರಿಗೆ ಆರೂವರೆ ನಿಮಿಷದಂತೆ ಹಾಯಾಗಿ ಓಡಿದವರಿಗೆ ಮೇ ತಿಂಗಳಲ್ಲಿ ಏಳು ನಿಮಿಷವೂ ಭಾರವೆನಿಸಿದರೆ ಅದು ಸೋಮಾರಿತನವಲ್ಲ. ವೇಗದ ಬದಲು ಉಸಿರನ್ನು ಅಳತೆ ಮಾಡಿಕೊಳ್ಳಿ. ನನ್ನ ಪರೀಕ್ಷೆ ಸರಳ: ಓಡುತ್ತಲೇ ‘ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ’ ಎಂದು ಆರು ಹೆಸರನ್ನು ಒಂದೇ ಉಸಿರಿನಲ್ಲಿ ಸಲೀಸಾಗಿ ಹೇಳಲಾದರೆ ಅದು ನಿಧಾನ ಓಟ. ರೋಹಿಣಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿದರೆ ಹೆಜ್ಜೆ ತಗ್ಗಿಸಬೇಕು, ಅಗತ್ಯವಾದರೆ ಒಂದು ನಿಮಿಷ ನಡೆಯಬೇಕು. ಸ್ಟೇಡಿಯಂನಲ್ಲಿ ಯಾರಾದರೂ ನೋಡಿ ನಕ್ಕರೆ ನಗಲಿ.

ವಾರಕ್ಕೆ ನಾಲ್ಕು ದಿನದ ಓಟ ಸಾಕು. ಮಂಗಳವಾರ ಆರು, ಗುರುವಾರ ಎಂಟು, ಶನಿವಾರ ಐದು, ಭಾನುವಾರ ಹತ್ತು ಹನ್ನೊಂದು ಕಿಲೋಮೀಟರಿನಿಂದ ಆರಂಭಿಸಿದರೆ ವಾರದ ಮೊತ್ತ 30ರ ಆಸುಪಾಸಿಗೆ ಬರುತ್ತದೆ. ರೋಹಿಣಿಯ ಕೊನೆಗೆ ಅದು 40 ಆಗಬೇಕು, ಭಾನುವಾರದ ಓಟ 16–17ಕ್ಕೆ ತಲುಪಬೇಕು. ಏರಿಕೆ ವಾರಕ್ಕೆ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚಾಗದಿರಲಿ, ಎರಡು ಮಳೆಗೊಮ್ಮೆ, ಅಂದರೆ ನಾಲ್ಕನೆಯ ವಾರದಲ್ಲಿ, ಮೊತ್ತವನ್ನು ಕಾಲುಭಾಗ ಇಳಿಸಿ ಕಾಲಿಗೆ ಬಿಡುವು ಕೊಡಿ. ಗುರುವಾರದ ಓಟದ ಕೊನೆಯಲ್ಲಿ ಇಪ್ಪತ್ತು ಸೆಕೆಂಡಿನ ಚುರುಕು ಓಟವನ್ನು ನಾಲ್ಕೈದು ಬಾರಿ, ನಡುವೆ ಪೂರ್ತಿ ಸುಧಾರಿಸಿಕೊಂಡು ಮಾಡಿದರೆ ಕಾಲು ವೇಗವನ್ನು ಮರೆಯುವುದಿಲ್ಲ. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚಿನ ಬಿರುಸು ಬೇಡ. ಓಡದ ದಿನಗಳಲ್ಲಿ ಎರಡು ದಿನ ಮನೆಯ ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲೂರಿ ನಿಂತು, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ ಮೇಲೆತ್ತುವುದನ್ನು ಹದಿನೈದರಂತೆ ಮೂರು ಸಲ, ಬಸ್ಕಿಯನ್ನೂ ಅಷ್ಟೇ ಮಾಡಿ. ಮೀನಖಂಡದ ನೋವಿನಿಂದ ಓಟ ಬಿಟ್ಟ ಎಷ್ಟೋ ಜನರಿಗೆ ಈ ಮೆಟ್ಟಿಲಿನ ಕೆಲಸ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು.

ನೀರಿನ ವಿಚಾರದಲ್ಲಿ ಅಂದಾಜು ಬಿಟ್ಟು ತೂಕದ ಯಂತ್ರವನ್ನು ನಂಬಬೇಕು. ಭಾನುವಾರ ಹೊರಡುವ ಮುನ್ನ, ಮರಳಿದ ಮೇಲೆ ಬೆವರು ಒರೆಸಿಕೊಂಡು, ತೊಟ್ಟ ಬಟ್ಟೆ ತೆಗೆದು ತೂಕ ನೋಡಿ. ಹೋಗುವಾಗ 62 ಕೆಜಿ ಇದ್ದವರು ಎರಡು ಗಂಟೆ ಓಡಿ ಬಂದಾಗ 60.8 ಕೆಜಿ ಇದ್ದು, ದಾರಿಯಲ್ಲಿ 400 ಮಿಲಿಲೀಟರ್ ಕುಡಿದಿದ್ದರೆ ಹೋದ ಬೆವರು ಸುಮಾರು 1.6 ಲೀಟರ್, ಗಂಟೆಗೆ 800 ಮಿಲಿಲೀಟರ್. ಅಷ್ಟನ್ನೂ ಓಡುತ್ತಲೇ ತುಂಬಿಸಬೇಕಾಗಿಲ್ಲ. ತೂಕದ ನಷ್ಟ ನೂರಕ್ಕೆ ಎರಡರೊಳಗೆ ಇದ್ದರೆ ಸಾಕು. ತೂಕ ಹೆಚ್ಚಾಗಿದ್ದರೆ ಮಾತ್ರ ಎಚ್ಚರ ಬೇಕು: ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಜೀವಕ್ಕೇ ಅಪಾಯವಾಗಬಹುದು. ಒಂದು ಗಂಟೆ ಮೀರಿದ ಓಟಕ್ಕೆ ಒಆರ್‌ಎಸ್ ಒಯ್ಯಬಹುದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಮೇಲೆ ನಿಂಬೆಹಣ್ಣು ಹಿಂಡಿದರೆ ಆಯಿತು. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ತಲೆಸುತ್ತು, ವಾಂತಿ, ಚಳಿಯಂಥ ನಡುಕ ಬಂದರೆ ಓಟ ಅಲ್ಲಿಗೇ ಮುಗಿಯಿತೆಂದು ತಿಳಿದು ನೆರಳು ಸೇರಿ. ಜೊತೆಗಾರರ ಮಾತು ತೊದಲಿದರೆ, ಗೊಂದಲ ಕಂಡರೆ ಅದು ಬಿಸಿಲಾಘಾತ ಇರಬಹುದು. ಮೈಮೇಲೆ ಧಾರಾಳವಾಗಿ ನೀರು ಸುರಿಯುತ್ತ, ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಊಟದಲ್ಲಿ ಹೊಸದೇನೂ ಬೇಡ, ಹೊತ್ತು ಮಾತ್ರ ಬದಲಾಗಬೇಕು. ಮುದ್ದೆ, ಹುರುಳಿಕಾಳಿನ ಬಸ್ಸಾರು ಭಾನುವಾರ ಮಧ್ಯಾಹ್ನದ ಪಾಲಿಗಿರಲಿ. ಶನಿವಾರ ರಾತ್ರಿ ನಾರು ಕಡಿಮೆಯಿರುವ ಅನ್ನ, ತಿಳಿಸಾರು, ಮಜ್ಜಿಗೆ ಸಾಕು. ಇಲ್ಲದಿದ್ದರೆ ಹನ್ನೆರಡನೆಯ ಕಿಲೋಮೀಟರಿನಲ್ಲಿ ಪೊದೆ ಹುಡುಕಬೇಕಾಗುತ್ತದೆ. ಬೆಳಿಗ್ಗೆ ಕಾಫಿ ಕುಡಿಯುವುದನ್ನು ಬಿಡಬೇಕಾಗಿಲ್ಲ, ಕೆಫೀನ್ ಓಟಕ್ಕೆ ನೆರವಾಗುತ್ತದೆ. ಹಾಲು ಹೊಟ್ಟೆ ಕೆಡಿಸುವುದಾದರೆ ಕಪ್ಪು ಕಾಫಿ ಕುಡಿಯಿರಿ. ಒಂದೂವರೆ ಗಂಟೆ ದಾಟಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಬೆಲ್ಲ ಬಹುಪಾಲು ಸಕ್ಕರೆಯೇ. ಅಕ್ಟೋಬರಿನಲ್ಲಿ ಏನನ್ನು ತಿನ್ನಬೇಕೆಂದಿದ್ದೀರೋ ಅದನ್ನು ಬೇಸಿಗೆಯಿಂದಲೇ ಹೊಟ್ಟೆಗೆ ಪರಿಚಯಿಸಿ.

ದಾರಿಯ ಆಯ್ಕೆಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರಿಗೆ ಇನ್ನೊಂದು ಎಚ್ಚರ ಬೇಕು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಕಾಡಾನೆ ಇರಬಹುದು. ಮಾರ್ಚ್, ಏಪ್ರಿಲಿನ ಹೂಮಳೆಯ ನಂತರ ಮಲ್ಲಿಗೆಯಂತೆ ಘಮಘಮಿಸುವ ಕಾಫಿ ತೋಟದ ನಡುವೆ ಓಡುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಪೂರ್ತಿ ಬೆಳಕಾಗುವವರೆಗೆ ಅಲ್ಲಿ ಕಾಲಿಡಬಾರದು. ಹಿಂದಿನ ರಾತ್ರಿ ಆನೆ ಎಲ್ಲಿತ್ತೆಂದು ಊರವರನ್ನು ಕೇಳಿಯೇ ಹೊರಡಬೇಕು, ಕಿವಿಗೆ ಇಯರ್‌ಫೋನ್ ಹಾಕಬಾರದು. ಬೀದಿನಾಯಿ ಬೆನ್ನಟ್ಟಿದರೆ ಓಡದೆ ನಿಂತು, ಅದರತ್ತ ಮುಖ ಮಾಡಿ ನಿಧಾನವಾಗಿ ನಡೆಯಿರಿ. ಚಿಕ್ಕಮಗಳೂರಿನವರು ಏರು ಓಟಕ್ಕೆಂದು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ರಸ್ತೆಯನ್ನು ಹಿಡಿಯುವುದುಂಟು. ಹತ್ತುವುದು ಒಳ್ಳೆಯದೇ, ಕೆಡಿಸುವುದು ಇಳಿಜಾರು: ಓಡಿಕೊಂಡು ಇಳಿದರೆ ಮುಂದೊಡೆಯ ನೋವು ನಾಲ್ಕೈದು ದಿನ ಬಿಡುವುದಿಲ್ಲ. ತಿಂಗಳಿಗೊಮ್ಮೆ ಹತ್ತಿ, ಇಳಿಯಲು ವಾಹನ ಹಿಡಿಯುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಮೃಗಶಿರ ಹುಟ್ಟಿದ ಮೇಲೆ ಅಸಲು ಕೆಲಸ. ಗುರುವಾರದ ಓಟದ ನಡುವೆ ಇಪ್ಪತ್ತು ನಿಮಿಷ, ಒಂದೆರಡು ಮಾತು ಮಾತ್ರ ಆಡಬಹುದಾದಷ್ಟು ಬಿರುಸಾಗಿ ಓಡಲು ಶುರುಮಾಡಿ. ಭಾನುವಾರದ ಓಟವನ್ನು ಆಶ್ಲೇಷದ ಹೊತ್ತಿಗೆ 26 ಕಿಲೋಮೀಟರಿಗೆ ಏರಿಸಿ. ಮಳೆಯಲ್ಲಿ ಚಳಿಗಿಂತ ಹೆಚ್ಚು ಕಾಡುವುದು ಒದ್ದೆ ಬಟ್ಟೆಯ ಉಜ್ಜುವಿಕೆ, ಆದ್ದರಿಂದ ತೊಡೆಸಂದು, ಕಂಕುಳು, ಕಾಲ್ಬೆರಳ ನಡುವೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿಕೊಂಡು ಹೊರಡಿ. ಎರಡು ಜೊತೆ ಶೂ ಇರಲಿ: ನೆನೆದದ್ದರ ಒಳಗಿನ ಅಟ್ಟೆ ತೆಗೆದು, ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಮುದುರಿ ತುಂಬಿ, ಗಂಟೆಯ ನಂತರ ಒದ್ದೆ ಕಾಗದ ತೆಗೆದು ಒಣ ಕಾಗದ ತುರುಕಿದರೆ ಮರುದಿನಕ್ಕೆ ಬಹುಮಟ್ಟಿಗೆ ಒಣಗುತ್ತದೆ, ಒಲೆಯ ಬಳಿ ಇಟ್ಟರೆ ಅಂಟು ಬಿಟ್ಟುಹೋಗುತ್ತದೆ. ಹುಲ್ಲಿನ ಹಾದಿಯಲ್ಲಿ ಉಂಬಳ ಹತ್ತಿದರೆ ಎಳೆಯದೆ, ಉಗುರಿನಿಂದ ಬಾಯಿಯ ಕಡೆಯಿಂದ ಸರಿಸಿ ಬಿಡಿಸಿ.

ಮಘೆಯಿಂದ ಉತ್ತರೆಯವರೆಗೆ 28, 30, 32 ಕಿಲೋಮೀಟರಿನ ಮೂರು ದೀರ್ಘ ಓಟಗಳು, ನಡುನಡುವೆ 18–20 ಕಿಲೋಮೀಟರಿನ ಹಗುರ ಭಾನುವಾರಗಳು. ಇವುಗಳಲ್ಲಿ ಒಂದೆರಡರ ಕೊನೆಯ ಎಂಟು ಹತ್ತು ಕಿಲೋಮೀಟರನ್ನು ಓಟದ ದಿನ ಓಡಬೇಕೆಂದಿರುವ ವೇಗದಲ್ಲಿ ಮುಗಿಸಬೇಕು. 32ಕ್ಕಿಂತ ಮುಂದೆ ಹೋಗುವ ಅಗತ್ಯವಿಲ್ಲ. ಅದರಿಂದ ಬರುವ ದಣಿವು ಲಾಭಕ್ಕಿಂತ ದೊಡ್ಡದು.

ಹಸ್ತ ಹುಟ್ಟಿದ ಮೇಲೆ ವಾರದ ಮೊತ್ತವನ್ನು ಮೊದಲು ಮುಕ್ಕಾಲಿಗೆ, ಆಮೇಲೆ ಅರ್ಧಕ್ಕೆ, ಕೊನೆಯ ವಾರ ಅದಕ್ಕೂ ಕೆಳಗೆ ಇಳಿಸಬೇಕು. ಓಡುವ ದಿನಗಳನ್ನು ತಪ್ಪಿಸದೆ ದೂರವನ್ನಷ್ಟೇ ಕಡಿಮೆ ಮಾಡಿ. ಕಾಲು ಸುಮ್ಮನಿದ್ದಾಗ ಇಲ್ಲದ ನೋವುಗಳೆಲ್ಲ ಮನಸ್ಸಿಗೆ ಬರುತ್ತವೆ. ಹೆಚ್ಚಿನವು ಎರಡು ದಿನದಲ್ಲಿ ಮಾಯವಾಗುತ್ತವೆ. ಓಟಕ್ಕೆಂದು ಇಟ್ಟ ಶೂವಿನಲ್ಲಿ ಅಷ್ಟರೊಳಗೆ ಐವತ್ತು ಅರವತ್ತು ಕಿಲೋಮೀಟರ್ ಓಡಿರಬೇಕು. ಶನಿವಾರ ಬೆಳಿಗ್ಗೆ ಅದೇ ಶೂ, ಅದೇ ಕಾಲುಚೀಲ ತೊಟ್ಟು ಮೂರು ಕಿಲೋಮೀಟರ್ ಓಡಿ, ಆರು ನಕ್ಷತ್ರದ ಹೆಸರು ಒಂದೇ ಉಸಿರಿಗೆ ಬರುತ್ತಿದೆಯೇ ಎಂದು ನೋಡಿಕೊಂಡು, ಬ್ಯಾಗು ಕಟ್ಟಿ ಬಸ್ಸು ಹತ್ತಿ.