ಬೀಜ ಗೊತ್ತಿತ್ತು, ಲೆಕ್ಕ ಗೊತ್ತಿರಲಿಲ್ಲ: ಎಂಬಿಎ ಆಯ್ಕೆಯ ನನ್ನ ಅನುಭವ

ರಾಣೆಬೆನ್ನೂರಿನ ಒಂದು ಬೀಜ ಕಂಪನಿಯಲ್ಲಿ ಎಂಟು ವರ್ಷ ಬೀಜೋತ್ಪಾದನಾ ಅಧಿಕಾರಿಯಾಗಿ ದುಡಿದ ಮೇಲೆ, 2022ರಲ್ಲಿ, ನನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಎಂಬಿಎ ಓದಲು ನಿರ್ಧರಿಸಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಕೃಷಿ ಮುಗಿಸಿದವನಿಗೆ ಆ ಕೆಲಸ ಇಷ್ಟದ್ದೇ ಆಗಿತ್ತು. ಆದರೆ ಅದನ್ನು ಬಿಡಬೇಕೆನಿಸಿದ್ದು ಒಂದು ನಿರ್ದಿಷ್ಟ ಮಧ್ಯಾಹ್ನ, ಒಂದು ಬ್ಯಾಂಕಿನ ಶಾಖೆಯಲ್ಲಿ. ಆ ಮಧ್ಯಾಹ್ನದ ಸಂಗತಿಯನ್ನು ಮೊದಲು ಹೇಳದಿದ್ದರೆ ನಾನು ಯಾವ ಸಂಸ್ಥೆಯನ್ನು ಏಕೆ ಆರಿಸಿಕೊಂಡೆ ಎಂಬುದು ಓದುಗರಿಗೆ ಅರ್ಥವಾಗಲಾರದು.

ನಮ್ಮ ಭಾಗದಲ್ಲಿ ಟೊಮ್ಯಾಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ತೆಗೆಯುವ ರೈತ ಸಂಜೆ ಹೊತ್ತು, ಮರುದಿನ ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಕೇಸರಗಳನ್ನು ತೆಗೆಯಿಸುತ್ತಾನೆ. ಬೆಳಿಗ್ಗೆ ಗಂಡು ಸಾಲಿನಿಂದ ತಂದ ಪರಾಗವನ್ನು ಅದೇ ಹೂವಿಗೆ ಮುಟ್ಟಿಸಬೇಕು. ಕ್ರಾಸಿಂಗ್ ಎಂದು ಎಲ್ಲರೂ ಕರೆಯುವ ಈ ಕೆಲಸ ವಾರಗಟ್ಟಲೆ ನಡೆಯುತ್ತದೆ ಮತ್ತು ಆಳಿನ ಕೂಲಿಯನ್ನು ವಾರವಾರವೂ ಕೊಡಬೇಕಾಗುತ್ತದೆ. ಆದರೆ ಬೀಜ ಕೊಟ್ಟ ಮೇಲೆ ಅದನ್ನು ಬಿತ್ತಿ, ಗಿಡ ಬೆಳೆಸಿ ತಳಿಯ ಶುದ್ಧತೆ ನೋಡುವ ಜಿಒಟಿ ಪರೀಕ್ಷೆಯ ಫಲಿತಾಂಶ ಬರುವವರೆಗೆ ಪೂರ್ತಿ ಹಣ ಕೈಗೆ ಬರುವುದಿಲ್ಲ. ಈ ನಡುವಿನ ತಿಂಗಳುಗಳಲ್ಲಿ ರೈತ ಕೈಗಡ ಮಾಡುತ್ತಾನೆ. "ಸಾಹೇಬ್ರ, ರೊಕ್ಕ ಯಾವಾಗ ಬರ್ತೈತ್ರಿ?" ಎಂಬ ಪ್ರಶ್ನೆಯನ್ನು ನಾನು ಎಂಟು ವರ್ಷ ಕೇಳಿಸಿಕೊಂಡೆ.

ನಮ್ಮ ರೈತರು ಸೇರಿ ಕಟ್ಟಿಕೊಂಡ ಉತ್ಪಾದಕ ಕಂಪನಿ ಈ ನಡುವಿನ ಅವಧಿಗೆಂದು ದುಡಿಯುವ ಬಂಡವಾಳದ ಸಾಲ ಕೇಳಿದಾಗ, ಅವರ ಜೊತೆಗೆ ನಾನೂ ಬ್ಯಾಂಕಿಗೆ ಹೋಗಿದ್ದೆ. ವ್ಯವಸ್ಥಾಪಕರು ಸೌಜನ್ಯದಿಂದಲೇ ಮಾತನಾಡಿ, ತಿಂಗಳುವಾರು ನಗದು ಹರಿವಿನ ಪಟ್ಟಿಯನ್ನು ಕೇಳಿದರು. ಎಷ್ಟು ಗುಂಟೆಯಲ್ಲಿ ಎಷ್ಟು ಹೂವು, ಎಷ್ಟು ಹೂವಿಗೆ ಎಷ್ಟು ಗ್ರಾಂ ಬೀಜ ಎಂದು ಬಾಯಿಲೆಕ್ಕದಲ್ಲಿ ಹೇಳಬಲ್ಲ ನನಗೆ, ಅದೇ ಬೆಳೆಯ ಹಣ ಯಾವ ತಿಂಗಳು ಹೊರಗೆ ಹೋಗಿ ಯಾವ ತಿಂಗಳು ಒಳಗೆ ಬರುತ್ತದೆಂದು ಒಂದು ಹಾಳೆಯ ಮೇಲೆ ತೋರಿಸಲು ಬರಲಿಲ್ಲ. ಅರ್ಜಿ ವಾಪಸಾಯಿತು. ರೈತರ ಬೆಳೆಗೆ ಸಾಲ ಕೊಡುವ ಕಡೆಯೇ ಕೆಲಸ ಮಾಡಬೇಕೆಂಬ ಯೋಚನೆ ಅಂದು ಹುಟ್ಟಿತು.

ಇಷ್ಟು ಸ್ಪಷ್ಟವಾಗಿದ್ದರೂ ಮುಂದಿನ ನಾಲ್ಕು ತಿಂಗಳು ನಾನು ತಪ್ಪು ದಾರಿಯಲ್ಲಿಯೇ ಹುಡುಕಿದೆ. ಎಲ್ಲರೂ ಮಾಡುವಂತೆ, ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್‌ ಶ್ರೇಯಾಂಕದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದೆ. ಐದು ವರ್ಷಕ್ಕೂ ಹೆಚ್ಚು ಅನುಭವವಿದ್ದುದರಿಂದ ಬೆಂಗಳೂರು ಐಐಎಂನ ಒಂದು ವರ್ಷದ ಇಪಿಜಿಪಿ ಎಂಬ ಎಂಬಿಎ ಕಾರ್ಯಕ್ರಮಕ್ಕೆ ಅರ್ಜಿ ಹಾಕುವ ಅರ್ಹತೆ ನನಗಿತ್ತು. ಇಂಥ ಒಂದು ವರ್ಷದ ಕಾರ್ಯಕ್ರಮಗಳ ಶುಲ್ಕ 30 ಲಕ್ಷದ ಆಸುಪಾಸಿನಲ್ಲಿತ್ತು. ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ: 30 ಲಕ್ಷ ಸಾಲ, ಶೇಕಡಾ 10 ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳ ಕಂತು ಸುಮಾರು 39,600 ರೂಪಾಯಿ. ಆಗ ನನ್ನ ಪಗಾರ 38,000. ಅಂಥ ಸಾಲ ಮಾಡಿದವನು ಹೆಚ್ಚು ಪಗಾರದ ಕೆಲಸವನ್ನೇ ಹಿಡಿಯಬೇಕಾಗುತ್ತದೆ. ಹಾವೇರಿ ಜಿಲ್ಲೆಯ ರೈತ ಕಂಪನಿಗಳಿಗೆ ಸಾಲ ಕೊಡುವ ಕೆಲಸ ಅಂಥದ್ದಲ್ಲ. ಆ ಸಂಸ್ಥೆಗಳ ಮೇಲೆ ನನಗೆ ಗೌರವವಿದೆ. ಆದರೆ ನಾನು ಹೋಗಬೇಕಿದ್ದ ದಾರಿಗೂ ಆ ಕಂತಿಗೂ ಹೊಂದಾಣಿಕೆಯಿರಲಿಲ್ಲ.

ಇದೇ ಅವಧಿಯಲ್ಲಿ ಒಂದು ತಪ್ಪನ್ನೂ ಮಾಡಿದೆ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಕೈಪಿಡಿಯಲ್ಲಿ 'ಕೃಷಿ ವ್ಯವಹಾರ' ಎಂಬ ವಿಶೇಷ ವಿಭಾಗವನ್ನೂ, ಅದರ ಪಕ್ಕದಲ್ಲಿ ಅತಿ ಹೆಚ್ಚಿನ ಪ್ಯಾಕೇಜಿನ ಅಂಕಿಯನ್ನೂ ನೋಡಿ, ಸೀಟು ಕಾಯ್ದಿರಿಸಲು 50,000 ರೂಪಾಯಿ ಕಟ್ಟಿದೆ. ಆಮೇಲೆ ಅಲ್ಲಿ ಓದಿದ ಮೂವರನ್ನು ಫೋನಿನಲ್ಲಿ ಮಾತನಾಡಿಸಿದಾಗ, ಆ ದೊಡ್ಡ ಅಂಕಿ ಒಬ್ಬನೇ ವಿದ್ಯಾರ್ಥಿಯದೆಂದೂ, ಉಳಿದ ಬಹುತೇಕರು ಗೊಬ್ಬರ ಮತ್ತು ಔಷಧಿಯ ಮಾರಾಟಕ್ಕೆ ಹೋದರೆಂದೂ ತಿಳಿಯಿತು. ಮಾರಾಟ ಕೀಳು ಕೆಲಸವಲ್ಲ, ಆದರೆ ಅದಕ್ಕೆ ನಾನು ಇದ್ದ ಕೆಲಸ ಬಿಟ್ಟು ಎರಡು ವರ್ಷ ಓದಬೇಕಾಗಿರಲಿಲ್ಲ. ಹಣ ವಾಪಸು ಕೇಳಿದಾಗ ಕೊಡಲಾಗದೆಂದರು. ಕೋರ್ಸು ಆರಂಭವಾಗುವ ಮೊದಲೇ ಸೀಟು ಬಿಟ್ಟರೆ ಸಂಸ್ಕರಣಾ ಶುಲ್ಕವಾಗಿ ಹೆಚ್ಚೆಂದರೆ 1,000 ರೂಪಾಯಿ ಹಿಡಿದು ಉಳಿದದ್ದನ್ನು ಹಿಂದಿರುಗಿಸಬೇಕು, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳಬಾರದು ಎಂಬ, ತಾಂತ್ರಿಕ ಮತ್ತು ವ್ಯವಸ್ಥಾಪನಾ ಶಿಕ್ಷಣದ ಮೇಲ್ವಿಚಾರಣಾ ಮಂಡಳಿ ಎಐಸಿಟಿಇಯ ನಿಯಮವನ್ನು ಉಲ್ಲೇಖಿಸಿ ಪತ್ರ ಬರೆದ ಮೇಲೆ ಆರು ವಾರಕ್ಕೆ ಹಣ ಬಂತು. ಈ ನಿಯಮ ಗೊತ್ತಿಲ್ಲದೆ ಹಣ ಬಿಟ್ಟುಕೊಟ್ಟವರು ನನ್ನ ಪರಿಚಯದಲ್ಲೇ ಇದ್ದಾರೆಂಬುದರಿಂದ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಮೂರು ಫೋನುಗಳು ನನಗೆ ಹುಡುಕುವ ರೀತಿಯನ್ನು ಕಲಿಸಿದವು. ಸಂಸ್ಥೆಗಳ ಪಟ್ಟಿಯನ್ನು ಬದಿಗಿಟ್ಟು, ನಾನು ಮಾಡಬೇಕೆಂದಿದ್ದ ಕೆಲಸವನ್ನು ಈಗಾಗಲೇ ಮಾಡುತ್ತಿರುವವರ ಪಟ್ಟಿ ಮಾಡಿದೆ. ಹುಬ್ಬಳ್ಳಿ, ಧಾರವಾಡ, ಹಾವೇರಿಗಳಲ್ಲಿ ರೈತ ಉತ್ಪಾದಕ ಕಂಪನಿಗಳ ಸಾಲದ ಕಡತ ನೋಡುವ ಏಳು ಜನ ಸಿಕ್ಕರು. ಸಾಲದ ಅರ್ಜಿ ವಾಪಸು ಮಾಡಿದ್ದ ವ್ಯವಸ್ಥಾಪಕರೂ ಅವರಲ್ಲೊಬ್ಬರು. ಎಲ್ಲಿ ಓದಿದಿರಿ ಎಂಬುದಕ್ಕಿಂತ, ಹೊಸಬನೊಬ್ಬ ನಿಮ್ಮ ಕೈಕೆಳಗೆ ಬಂದರೆ ಮೊದಲ ದಿನ ಅವನಿಗೆ ಏನು ಬರಬೇಕು ಎಂದು ಕೇಳಿದೆ. ಉತ್ತರಗಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ: ಆಸ್ತಿ-ಹೊಣೆ ಪಟ್ಟಿ ಓದುವುದು, ನಗದು ಹರಿವು ಬರೆಯುವುದು, ಕಂಪನಿ ಕಾಯಿದೆಯ ಅಷ್ಟಿಷ್ಟು ತಿಳಿವಳಿಕೆ, ಮತ್ತು ರೈತನ ಜೊತೆ ಕುಳಿತು ಸುಳ್ಳು ಲೆಕ್ಕವನ್ನು ಗುರುತಿಸುವುದು. ಕೊನೆಯದು ನನಗೆ ಬರುತ್ತಿತ್ತು.

ಕೃಷಿ ಪದವೀಧರರು ಸಾಮಾನ್ಯವಾಗಿ ಹೋಗುವ ದಾರಿಗಳನ್ನೂ ನೋಡದೆ ಬಿಡಲಿಲ್ಲ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯ ಕೃಷಿ ವ್ಯವಹಾರದ ಪಿಜಿಡಿಎಂ ಎಂಬ ಸ್ನಾತಕೋತ್ತರ ಡಿಪ್ಲೊಮಾ, ಅಹಮದಾಬಾದ್ ಐಐಎಂನ ಆಹಾರ ಮತ್ತು ಕೃಷಿ ವ್ಯವಹಾರದ ಎರಡು ವರ್ಷದ ಕಾರ್ಯಕ್ರಮ, ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್ ಪಟ್ಟಣದಲ್ಲಿ ಕಟ್ಟಿದ, ಈಗ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಗಿರುವ ಗ್ರಾಮೀಣ ವ್ಯವಸ್ಥಾಪನಾ ಸಂಸ್ಥೆ ಇರ್ಮಾ, ಮತ್ತು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದೇ ಕೃಷಿ ವ್ಯವಹಾರ ಎಂಬಿಎ. ಇರ್ಮಾ ನನ್ನನ್ನು ಬಹಳ ಸೆಳೆಯಿತು, ಏಕೆಂದರೆ ಸಹಕಾರಿ ಸಂಘ ಮತ್ತು ಉತ್ಪಾದಕ ಕಂಪನಿಗಳನ್ನೇ ಕೇಂದ್ರದಲ್ಲಿಟ್ಟುಕೊಂಡ ಓದು ಅದು. ಹೋಗದಿರಲು ಕಾರಣ ಮನೆಯದು: ತಂದೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇತ್ತು, ಮಗಳಿಗೆ ಎರಡು ವರ್ಷ, ಹೆಂಡತಿಯ ಶಾಲೆಯ ನೌಕರಿ ಇಲ್ಲಿ.

ಪಿಜಿಡಿಎಂ ಮತ್ತು ಎಂಬಿಎಗಳ ವ್ಯತ್ಯಾಸವನ್ನು ಅನೇಕರು ಕೇಳುತ್ತಾರೆ. ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಗಳದ್ದು. ಎಐಸಿಟಿಇ ಒಪ್ಪಿಗೆಯಿರುವ ಸ್ವತಂತ್ರ ಸಂಸ್ಥೆಗಳು ಡಿಪ್ಲೊಮಾ ಕೊಡುತ್ತವೆ. ಐಐಎಂಗಳೂ 2017ರ ಕಾಯಿದೆ ಬರುವವರೆಗೆ ಡಿಪ್ಲೊಮಾವನ್ನೇ ಕೊಡುತ್ತಿದ್ದವು. ಹೆಸರಿನಿಂದ ಗುಣಮಟ್ಟ ನಿರ್ಧಾರವಾಗುವುದಿಲ್ಲ. ಆದರೆ ಸರ್ಕಾರಿ ಅಥವಾ ಬ್ಯಾಂಕಿನ ಹುದ್ದೆಗೆ ಹೋಗುವ ವಿಚಾರವಿದ್ದರೆ ಆ ಡಿಪ್ಲೊಮಾವನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ (ಎಐಯು) ಎಂಬಿಎಗೆ ಸಮಾನವೆಂದು ಒಪ್ಪಿದೆಯೇ ಎಂದು ಸೇರುವ ಮುನ್ನವೇ ನೋಡಿಕೊಳ್ಳಬೇಕು.

ಕೊನೆಗೆ ಧಾರವಾಡದ ಎರಡು ಎಂಬಿಎಗಳು ಉಳಿದವು: ಕೃಷಿ ವಿಶ್ವವಿದ್ಯಾಲಯದ ಕೃಷಿ ವ್ಯವಹಾರ ಎಂಬಿಎ ಮತ್ತು ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ವ್ಯವಸ್ಥಾಪನಾ ಅಧ್ಯಯನ ಸಂಸ್ಥೆಯ ಸಾಮಾನ್ಯ ಎಂಬಿಎ. ಮೊದಲನೆಯದು ನನ್ನ ತವರು, ಅಧ್ಯಾಪಕರೂ ಪರಿಚಿತರು. ನನಗಿಂತ ಮುಂಚೆ ದಾರಿ ಬದಲಿಸಿದ ಗೆಳೆಯರೆಲ್ಲ ಅದನ್ನೇ ಹೇಳಿದರು. ಎರಡರ ಪಠ್ಯಕ್ರಮವನ್ನೂ ಮುದ್ರಿಸಿಕೊಂಡು, ನನಗೆ ಈಗಾಗಲೇ ತಿಳಿದ ವಿಷಯಗಳ ಮೇಲೆ ಕೆಂಪು ಗೆರೆ ಎಳೆಯುತ್ತ ಕುಳಿತಿದ್ದೆ. ಹಾಳೆಗಳನ್ನು ನೋಡಿದ ಹೆಂಡತಿ, "ಒಂದರಾಗ ಬರೇ ಕೆಂಪು ಗೆರಿನೇ ಅದಾವಲ್ರೀ. ಗೊತ್ತಿದ್ದದ್ದನ್ನ ಮತ್ತ ಕಲಿಯಾಕ ಎರಡು ವರ್ಷ ಯಾಕ?" ಎಂದಳು. ಬೀಜ, ಗೊಬ್ಬರ, ಕೃಷಿ ಮಾರುಕಟ್ಟೆ, ವಿಸ್ತರಣೆ ಇವೆಲ್ಲ ನಾನು ಓದಿ, ಎಂಟು ವರ್ಷ ಮಾಡಿದ್ದವು. ಇಪ್ಪತ್ತೆರಡರ ಕೃಷಿ ಪದವೀಧರನಿಗೆ ಆ ಎಂಬಿಎ ಬಹಳ ಒಳ್ಳೆಯದೆಂದೇ ನಾನು ಈಗಲೂ ಹೇಳುತ್ತೇನೆ. ನನಗೆ ಬೇಕಾಗಿದ್ದುದು ಹಣಕಾಸು, ಅದೂ ಬಿಕಾಂ ಓದಿ ಬಂದವರ ಪಕ್ಕದಲ್ಲಿ ಕುಳಿತು. ಆದ್ದರಿಂದ ಕೌಸಾಳಿಯನ್ನು ಆರಿಸಿಕೊಂಡೆ.

ಪ್ರವೇಶ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮೂಲಕ. ತಪ್ಪು ಉತ್ತರಕ್ಕೆ ಅಂಕ ಕಳೆಯದ ಈ ಪರೀಕ್ಷೆ ಐಐಎಂ ಪ್ರವೇಶದ ಕ್ಯಾಟ್‌ನಷ್ಟು ಕಠಿಣವಲ್ಲ, ಮೂರು ತಿಂಗಳ ಸಂಜೆಯ ಅಭ್ಯಾಸ ಸಾಕಾಯಿತು. ಆದರೆ ಎಂಟು ವರ್ಷದ ಅನುಭವಕ್ಕೆ ಅಲ್ಲಿ ಅಂಕವಿಲ್ಲ, ಹಾಗಾಗಿ ಅದನ್ನು ನಂಬಿಕೊಂಡು ಕೂಡುವಂತಿಲ್ಲ. ಹಣದ ವಿಚಾರದಲ್ಲಿ ಶುಲ್ಕಕ್ಕಿಂತ ದೊಡ್ಡದು ಬಿಟ್ಟ ಪಗಾರ: 38,000ದಂತೆ 24 ತಿಂಗಳಿಗೆ 9,12,000 ರೂಪಾಯಿ. ಈ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಶುಲ್ಕವನ್ನಷ್ಟೇ ಹೋಲಿಸುವವರನ್ನು ಬಹಳ ನೋಡಿದ್ದೇನೆ. ಉಳಿತಾಯದ ಜೊತೆಗೆ 3 ಲಕ್ಷ ಶಿಕ್ಷಣ ಸಾಲ ಮಾಡಿದೆ. 4 ಲಕ್ಷದವರೆಗೆ ನಮ್ಮ ಪಾಲಿನ ಹಣ ಹಾಕಬೇಕಿಲ್ಲ, ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೂ ಆ ಅವಧಿಯ ಬಡ್ಡಿ ಬೆಳೆಯುತ್ತಲೇ ಇರುವುದರಿಂದ ಅದನ್ನು ಆಗಾಗ ಕಟ್ಟುತ್ತ ಹೋದೆ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಎಂಟು ವರ್ಷದವರೆಗೆ ಬಡ್ಡಿಗೆ ವಿನಾಯಿತಿಯೂ ಉಂಟು.

ಮೊದಲ ಸೆಮಿಸ್ಟರ್ ಕಷ್ಟವಾಯಿತು. ಸಂಖ್ಯಾಶಾಸ್ತ್ರವನ್ನೂ ಲೆಕ್ಕಶಾಸ್ತ್ರವನ್ನೂ ನನಗಿಂತ ಒಂಬತ್ತು ವರ್ಷ ಚಿಕ್ಕವರಿಂದ ಹೇಳಿಸಿಕೊಂಡೆ, ಅವರು ಹೊಲದ ವಿಷಯವನ್ನು ನನ್ನಿಂದ ಕೇಳಿ ತಿಳಿದರು. ಪ್ರಾಜೆಕ್ಟಿಗೆ ಬೀಜೋತ್ಪಾದಕ ರೈತರ ಪಾವತಿ ವಿಳಂಬವನ್ನೇ ಆರಿಸಿಕೊಂಡು, ಮೊದಲೇ ಭೇಟಿಯಾಗಿದ್ದ ಏಳು ಜನರಲ್ಲಿ ನಾಲ್ವರ ಬಳಿ ಮತ್ತೆ ಹೋಗಿ ಅದನ್ನು ತೋರಿಸಿದೆ. ಕೆಲಸ ಸಿಕ್ಕಿದ್ದು ಅವರಲ್ಲೊಬ್ಬರಿಂದ, ಹುಬ್ಬಳ್ಳಿಯಲ್ಲಿ ರೈತ ಕಂಪನಿಗಳಿಗೆ ಸಾಲ ಕೊಡುವ ಒಂದು ಸಂಸ್ಥೆಯಲ್ಲಿ. ಆರಂಭದ ಪಗಾರ 36,000, ಅಂದರೆ ಬಿಟ್ಟು ಬಂದ ಕೆಲಸಕ್ಕಿಂತ ಕಡಿಮೆ, ಮತ್ತು ಹಳೆಯ ಮಟ್ಟ ದಾಟಲು ಹದಿನಾಲ್ಕು ತಿಂಗಳು ಬೇಕಾಯಿತು. ಇದನ್ನು ಮೊದಲೇ ಊಹಿಸಿ ಮನೆಯಲ್ಲಿ ಹೇಳಿದ್ದರಿಂದ ಯಾರಿಗೂ ಆಘಾತವಾಗಲಿಲ್ಲ.

ಕಳೆದ ಹಂಗಾಮಿನಲ್ಲಿ ಹಾವೇರಿ ಜಿಲ್ಲೆಯ ಒಂದು ಬೀಜೋತ್ಪಾದಕರ ಕಂಪನಿಯ ಕಡತ ನನ್ನ ಮೇಜಿಗೆ ಬಂತು. ಅದರಲ್ಲಿ ನಗದು ಹರಿವಿನ ಪಟ್ಟಿ ಇರಲಿಲ್ಲ. ಕಡತವನ್ನು ವಾಪಸು ಕಳಿಸದೆ ಅವರ ಊರಿಗೇ ಹೋಗಿ, ನೆಟ್ ಹೌಸಿನ ಪಕ್ಕದ ಶೆಡ್ಡಿನಲ್ಲಿ ಕುಳಿತು, ಕ್ರಾಸಿಂಗ್ ನಡೆಯುವ ವಾರಗಳ ಕೂಲಿಯನ್ನು ಒಂದು ಸಾಲಿನಲ್ಲಿ, ಜಿಒಟಿ ಫಲಿತಾಂಶ ಬರುವ ತಿಂಗಳನ್ನು ಇನ್ನೊಂದರಲ್ಲಿ ಬರೆದೆವು. ನಡುವೆ ಐದು ತಿಂಗಳು ಖಾಲಿ ಉಳಿದವು. ಸಾಲದ ಮೊತ್ತವನ್ನೂ ಕಂತಿನ ದಿನಾಂಕವನ್ನೂ ಆ ಐದು ಖಾಲಿ ತಿಂಗಳುಗಳನ್ನು ನೋಡಿಯೇ ಗೊತ್ತುಮಾಡಿದೆವು.