ಬಿರಡೆ ಕರಗಿಸುವ ಮೊದಲು ಊದಿನಕಡ್ಡಿ ಹಚ್ಚಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ರಜೆಗೆ ಬಂದ ಮೊಮ್ಮಗ ಒಂದು ಚೀಲ ಪ್ಲಾಸ್ಟಿಕ್ ಬಾಟಲಿ ಬಿರಡೆ ಸುರಿದು, "ಅಜ್ಜಿ, ಕರಗಿಸಿ ಕೀಚೈನ್ ಮಾಡ್ತೀನಿ" ಅಂದ. ಬೇಡ ಅನ್ನಲಿಲ್ಲ, ಆದರೆ ಗ್ಯಾಸ್ ಒಲೆಯ ಹತ್ತಿರ ಬಿಡಲಿಲ್ಲ. ಉರಿ ಎಷ್ಟು ಸಣ್ಣದಿದ್ದರೂ ಮೇಲಿನದು ಕರಗುವಷ್ಟರಲ್ಲಿ ತಳದ್ದು ಸೀದುಹೋಗುತ್ತದೆ. ಕೆಟ್ಟ ಹೊಗೆ ಏಳುವುದು ಆಗಲೇ.

ಮೊದಲು ಬಿರಡೆಯ ಮೇಲೆ ಅಚ್ಚಾದ ತ್ರಿಕೋನದೊಳಗಿನ ಅಂಕಿ ನೋಡಿ; ಅದು ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ. 2 ಅಥವಾ 5 ಇದ್ದರೆ ಮಾತ್ರ ಇಟ್ಟುಕೊಳ್ಳಿ. 3 ಅಂದರೆ ಪಿವಿಸಿ, ಪೈಪು, ವೈರಿನ ಹೊದಿಕೆಯ ಜಾತಿ. ಅತಿಯಾಗಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ; ಕಣ್ಣು, ಗಂಟಲಿನ ತೇವಕ್ಕೆ ತಾಗಿದರೆ ಅದು ಆಮ್ಲವೇ. 6, ಅಂದರೆ ಥರ್ಮೋಕೋಲಿನ ಜಾತಿ, ಸ್ಟೈರೀನ್ ಅನ್ನುವ ಹಾನಿಕರ ಆವಿ ಬಿಡುತ್ತದೆ. ಅಂಕಿಯೇ ಇಲ್ಲದ್ದು ಭಂಗಾರ್‌ವಾಲಾನಿಗೆ, ಅಂದರೆ ಗುಜರಿಯವನಿಗೆ.

ಎರಡನೇ ನಂಬರಿನದು ಸುಮಾರು 130 ಡಿಗ್ರಿಗೆ, ಐದನೆಯದು 160ರ ಆಸುಪಾಸಿಗೆ ಕರಗುತ್ತದೆ. ಎರಡನ್ನೂ ಬೆರೆಸಬೇಡಿ. ಹಳೆಯ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್, ಸಾಕು, ಆದರೆ ಅದರ ಗುಂಡಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ. ಆಮೇಲೆ ಅದರಲ್ಲಿ ಅಡುಗೆ ಕೂಡದು. ಸೊಸೆ ಮರೆತು ನಾನ್‌ಖಟಾಯಿ ಇಟ್ಟಾಳು ಅಂತ ನಮ್ಮದಕ್ಕೆ ಕೆಂಪು ದಾರ ಕಟ್ಟಿದ್ದೇನೆ.

ಎಲ್ಲಕ್ಕಿಂತ ಮುಖ್ಯ ಗಾಳಿ. ಕಿಟಕಿ ತೆರೆದರಾಯಿತು ಅಂದುಕೊಳ್ಳುತ್ತಾರೆ. ಗಾಳಿ ಒಳಗೆ ನುಗ್ಗುತ್ತಿದ್ದರೆ ಹೊಗೆ ಮನೆಯೆಲ್ಲ ಹರಡುತ್ತದೆ. ಮುಂಬಯಿ ಕಡೆ ಮಧ್ಯಾಹ್ನ ಸಮುದ್ರದ ಗಾಳಿ ಪಡುವಣದಿಂದ ಬೀಸುವುದು ಹೆಚ್ಚು. ಊದಿನಕಡ್ಡಿ ಹಚ್ಚಿ ಹೊಗೆ ಯಾವ ಕಡೆ ವಾಲುತ್ತದೆ ನೋಡಿ. ಹೊರಹೋಗುವ ಕಿಟಕಿಯ ಬಳಿ ಓವನ್ ಇಟ್ಟು, ಟೇಬಲ್ ಫ್ಯಾನಿನ ಮುಖ ಹೊರಕ್ಕೆ ತಿರುಗಿಸಿ, ಎದುರಿನ ಕಿಟಕಿ ತೆರೆದಿಡಿ. ನೀವು ಗಾಳಿ ಬರುವ ಕಡೆಗೇ ನಿಲ್ಲಿ. ನಿಮ್ಮ ಹೊಗೆ ಹೋಗುವುದು ಪಕ್ಕದವರ ಗ್ಯಾಲರಿಗಾದರೆ, ಅಲ್ಲಿ ಕೂಸು ಮಲಗಿದ್ದರೆ, ದಯವಿಟ್ಟು ಅಲ್ಲಿ ಮಾಡಲೇಬೇಡಿ. ಕಿಟಕಿ ಮುಚ್ಚಬೇಕಾದ ಮಳೆಗಾಲದಲ್ಲಂತೂ ಬೇಡವೇ ಬೇಡ.

ಬಟ್ಟೆಯ ಮಾಸ್ಕ್, ಎನ್‌95 ಧೂಳು ತಡೆಯುತ್ತವೆ, ಅನಿಲವನ್ನಲ್ಲ. ಘಾಟು ಬಂತೋ, ಹೊಗೆ ಕಂಡಿತೋ, ಪ್ಲಗ್ ತೆಗೆಯಿರಿ. ಓವನ್ ಬಾಗಿಲು ತೆರೆದು ಇಣುಕಬೇಡಿ, ಫ್ಯಾನ್ ಓಡುತ್ತಿರಲಿ, ಎಲ್ಲರೂ ಹೊರಗೆ ಬನ್ನಿ. ಕಣ್ಣು ಉರಿದರೆ ನೀರಿನಿಂದ ಚೆನ್ನಾಗಿ ತೊಳೆಯಿರಿ. ಎದೆ ಬಿಗಿದರೆ, ಕೆಮ್ಮು ನಿಲ್ಲದಿದ್ದರೆ ಸಂಜೆಯವರೆಗೆ ಕಾಯದೆ ಡಾಕ್ಟರ ಬಳಿ ಹೋಗಿ, ಕರಗಿಸಿದ್ದು ಯಾವ ನಂಬರಿನದು ಅಂತಲೂ ಹೇಳಿ.